ಮೂರು ಬೀಗಗಳ ಬಾಗಿಲು

ನನ್ನ ಅಣ್ಣ ಸೈನ್ಯದಲ್ಲಿದ್ದಾನೆ. ರಜೆ ಮುಗಿಸಿ ಅವನು ಹೊರಟ ದಿನ ಅವ್ವ ಕೇಳಿದಳು: “ಇವರನ್ನ ಅಲ್ಲಿಗೆ ಹೋಗಿ, ಇಲ್ಲಿಗೆ ಹೋಗಿ ಅನ್ನೋರು ಯಾರಪ್ಪ?” ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾಗಿಯೂ ತಡವರಿಸಿದೆ. ಆ ಪ್ರಶ್ನೆಯ ಬೆನ್ನು ಹತ್ತಿ ಓದುವಾಗ ಐರ್ಲೆಂಡಿನ ಕಾನೂನು ಕಣ್ಣಿಗೆ ಬಿತ್ತು. ಅದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಐರ್ಲೆಂಡ್ ಯಾವ ಸೈನಿಕ ಕೂಟಕ್ಕೂ ಸೇರದ ತಟಸ್ಥ ರಾಷ್ಟ್ರ. ಆದರೆ ತಾಟಸ್ಥ್ಯವೆಂದರೆ ಕೈಕಟ್ಟಿ ಕುಳಿತಿರುವುದಲ್ಲ. 1955ರಲ್ಲಿ ವಿಶ್ವಸಂಸ್ಥೆಯನ್ನು ಸೇರಿದ ಆ ದೇಶ 1958ರಲ್ಲಿ ಲೆಬನಾನಿಗೆ ವೀಕ್ಷಕರನ್ನೂ 1960ರಲ್ಲಿ ಕಾಂಗೋಗೆ ಪಡೆಗಳನ್ನೂ ಕಳುಹಿಸಿತು. ಕಾಂಗೋದ ನಿಯೆಂಬಾದಲ್ಲಿ 1960ರ ನವೆಂಬರ್ 8ರಂದು ಒಂಬತ್ತು ಮಂದಿ ಐರಿಷ್ ಸೈನಿಕರು ಮಡಿದರು. 1964ರಲ್ಲಿ ಅವರ ಪಡೆ ಸೈಪ್ರಸ್ಸಿಗೂ ಹೋಯಿತು. ಅದೇ ವರ್ಷ ಅಲ್ಲಿನ ಶಾಂತಿಪಡೆಯ ನಾಯಕತ್ವ ವಹಿಸಿದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. 1965ರಲ್ಲಿ ಅವರು ಆ ದ್ವೀಪದಲ್ಲಿಯೇ ಕಾಲವಾದರು.

ಹೀಗೆ ಪಡೆ ಕಳುಹಿಸಲು ಬೇಕಾದ ಒಪ್ಪಿಗೆಗಳು ಮೂರು. ಮೊದಲನೆಯದು, ಭದ್ರತಾ ಮಂಡಳಿಯ ಇಲ್ಲವೆ ಮಹಾಸಭೆಯ ನಿರ್ಣಯ. ಎರಡನೆಯದು, ಐರಿಷ್ ಸರ್ಕಾರದ ತೀರ್ಮಾನ. ಮೂರನೆಯದು, ನಮ್ಮ ಲೋಕಸಭೆಗೆ ಸಮನಾದ ಡಾಯಿಲ್ ಸಭೆಯ ಅನುಮೋದನೆ. ಇದಕ್ಕೆ ‘ಮೂರು ಬೀಗ’ ಎಂದು ಹೆಸರು. 1960ರ ಕಾಯಿದೆಯೇ ಇದರ ಬುನಾದಿ. 1993 ಮತ್ತು 2006ರಲ್ಲಿ ಅದು ತಿದ್ದುಪಡಿಯಾಯಿತು. ವಿನಾಯಿತಿಗಳೂ ಉಂಟು: ನಿರಾಯುಧರನ್ನು, ಅಥವಾ 12 ಮಂದಿಗೆ ಮೀರದ ತಂಡವನ್ನು, ಡಾಯಿಲ್ ಮತವಿಲ್ಲದೆಯೇ ಕಳುಹಿಸಬಹುದು.

ತೊಡಕು ಮೊದಲ ಬೀಗದಲ್ಲಿದೆ. ಭದ್ರತಾ ಮಂಡಳಿಯಲ್ಲಿ ಐದು ಪ್ರಬಲ ರಾಷ್ಟ್ರಗಳಿಗೆ ವೀಟೋ ಅಧಿಕಾರವಿದೆ. 1999ರಲ್ಲಿ ಚೀನಾ ಅದನ್ನು ಚಲಾಯಿಸಿದ್ದರಿಂದ ಮ್ಯಾಸಿಡೋನಿಯದ ಶಾಂತಿಪಡೆ ಮುಂದುವರಿಯಲಿಲ್ಲ. 2003ರಲ್ಲಿ ಯುರೋಪಿಯನ್ ಒಕ್ಕೂಟ ಅಲ್ಲಿಗೆ ಪಡೆ ಕಳುಹಿಸಿದಾಗ, ತಕ್ಕ ನಿರ್ಣಯವಿಲ್ಲದೆ ಐರ್ಲೆಂಡ್ ಹೊರಗುಳಿಯಿತು. “ನಮ್ಮ ಮನೆಯ ಕೀಲಿಕೈ ಪರರಲ್ಲೇಕೆ?” ಎಂಬುದು ಒಂದು ಪಕ್ಷದ ವಾದ. “ಆ ಬೀಗ ತೆಗೆದರೆ ದೊಡ್ಡವರ ಯುದ್ಧಕ್ಕೆ ಎಳೆಯಲ್ಪಡುತ್ತೇವೆ” ಎಂಬುದು ಇನ್ನೊಂದರ ಭಯ. 2025ರ ಮಾರ್ಚಿಯಲ್ಲಿ ಸರ್ಕಾರ ಒಪ್ಪಿದ ಮಸೂದೆಯ ಕರಡು ವಿಶ್ವಸಂಸ್ಥೆಯ ಬೀಗವನ್ನು ತೆಗೆದು, 12ರ ಮಿತಿಯನ್ನು 50ಕ್ಕೆ ಏರಿಸಲು ಸೂಚಿಸಿತು.

ಎರಡು ವಾದಗಳಲ್ಲಿಯೂ ಹುರುಳಿದೆ. ಮೊದಲ ಬೀಗದ ಬಗ್ಗೆ ತೀರ್ಪು ಹೇಳುವಷ್ಟು ನನಗೆ ತಿಳಿವಳಿಕೆ ಸಾಲದು. ಆದರೆ ಮೂರನೆಯದನ್ನು ಮಾತ್ರ ಸಡಿಲಿಸಬಾರದೆಂದು ನನಗೆ ತೋರುತ್ತದೆ. ಹನ್ನೆರಡಾಗಲಿ ಐವತ್ತಾಗಲಿ, ಎಣಿಕೆ ಕಡತದಲ್ಲಿ ಅಂಕಿ; ಮನೆಯಲ್ಲಿ ಅದು ಮಗ. ಜನರು ಆರಿಸಿದ ಸಭೆ ಬಹಿರಂಗವಾಗಿ ಚರ್ಚಿಸಿ, ಹೆಸರು ಹೇಳಿ ಮತ ಹಾಕಿದರೆ, ತಾಯಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರೆಂಬುದು ತಿಳಿಯುತ್ತದೆ.

ನಮ್ಮಲ್ಲಿ ಈ ತೀರ್ಮಾನ ಕೇಂದ್ರ ಸರ್ಕಾರದ್ದು. ಸಂಸತ್ತಿನ ಮತ ಕಡ್ಡಾಯವೆಂಬ ಕಾನೂನಿಲ್ಲ. ಅವ್ವನಿಗೆ ಅಷ್ಟನ್ನು ಹೇಳಿದೆ. “ಹಂಗಾದ್ರೆ ನಾವು ಓಟು ಹಾಕಿದೋರು ಕೇಳೋದಿಲ್ವಾ?” ಎಂದಳು. ಇದಕ್ಕೆ ಉತ್ತರವನ್ನು ನನ್ನ ಗುರುಗಳಿಂದಲೂ ಸಹಪಾಠಿಗಳಿಂದಲೂ ಎದುರುನೋಡುತ್ತೇನೆ.