ಗುರಿ ಮಕ್ಕಳದೇ ಆಗಿರಲಿ: ನಾಲ್ಕು ಪ್ರಶ್ನೆಗಳ ಒಂದು ಕ್ರಮ

ನಮ್ಮ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಶುಲ್ಕ ಕಟ್ಟಬಹುದು, ಪುಸ್ತಕ ಕೊಳ್ಳಬಹುದು. ಆದರೆ ಏನು ಓದಬೇಕು, ಏಕೆ ಓದಬೇಕು ಎಂಬುದಕ್ಕೆ ಹಣದಲ್ಲಿ ಉತ್ತರವಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳನ್ನು "ಮುಂದೇನು?" ಎಂದು ಕೇಳಿದರೆ, ಗೆಳೆಯರು ಸೇರಿದ ಕೋರ್ಸನ್ನೋ ಮನೆಯವರು ಸೂಚಿಸಿದ್ದನ್ನೋ ಹೇಳುವುದು ಸಾಮಾನ್ಯ. ಇಷ್ಟವಿಲ್ಲದ ಓದನ್ನು ಅರ್ಧಕ್ಕೇ ಬಿಟ್ಟರೆ ಮಗುವಿನ ವರ್ಷವೂ ವ್ಯರ್ಥ, ದಾನಿಗಳು ನಮಗೊಪ್ಪಿಸಿದ ಅಮಾನತ್ತೂ ವ್ಯರ್ಥ. ಆದ್ದರಿಂದ ಶಿಕ್ಷಕರು ಮತ್ತು ಪೋಷಕರಿಗಾಗಿ ಒಂದು ಸರಳ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇವೆ.

ಇದರ ಹೆಸರು 'ಗ್ರೋ'. 1980ರ ದಶಕದಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಈ ಕ್ರಮ, ಹಿಂದೆ ಕಾರ್ ರೇಸ್ ಚಾಲಕರಾಗಿದ್ದ ಸರ್ ಜಾನ್ ವಿಟ್ಮೋರ್ ಅವರು 1992ರಲ್ಲಿ ಹೊರತಂದ 'ಕೋಚಿಂಗ್ ಫಾರ್ ಪರ್ಫಾರ್ಮೆನ್ಸ್' ಪುಸ್ತಕದಿಂದ ಪ್ರಸಿದ್ಧವಾಯಿತು. ಮೊದಲು ಕಂಪೆನಿಗಳಲ್ಲಿ ಬಳಕೆಯಾಗಿ, ಅನಂತರ ಶಾಲೆಗಳಿಗೂ ಬಂತು. ಗೋಲ್, ರಿಯಾಲಿಟಿ, ಆಪ್ಷನ್ಸ್, ವಿಲ್ ಎಂಬ ಪದಗಳ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಅಂದರೆ ಗುರಿ, ಈಗಿನ ಸ್ಥಿತಿ, ದಾರಿಗಳು, ಸಂಕಲ್ಪ. ಇಲ್ಲಿ ಕೋಚಿಂಗ್ ಎಂದರೆ ಟ್ಯೂಷನ್ ಅಲ್ಲ. ಪ್ರಶ್ನೆ ಹಿರಿಯರದು, ಉತ್ತರ ಮಗುವಿನದು.

ಹತ್ತನೇ ತರಗತಿಯ ಒಬ್ಬ ಹುಡುಗಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

1. ಗುರಿ: "ನಿನಗೆ ಏನಾಗಬೇಕೆಂದಿದೆ?" "ನರ್ಸ್ ಆಗಬೇಕು." ಇದು ದೂರದ ಗುರಿ. ಬಿಎಸ್ಸಿ ನರ್ಸಿಂಗ್ ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು. ಹಾಗಾದರೆ ಈಗಿನ ಗುರಿ ಯಾವುದು? ಮುಂದಿನ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ, ವಿಜ್ಞಾನದ 80 ಅಂಕಗಳ ಪತ್ರಿಕೆಯಲ್ಲಿ 50 ಅಂಕ ಎಂದು ಅವಳೇ ಬರೆದುಕೊಳ್ಳುತ್ತಾಳೆ.

2. ಈಗಿನ ಸ್ಥಿತಿ: "ಕಳೆದ ಸಲ ಎಷ್ಟು ಬಂತು? ಯಾವ ಪ್ರಶ್ನೆ ಬಿಟ್ಟೆ? ಓದಲು ಎಷ್ಟು ಹೊತ್ತು ಸಿಗುತ್ತದೆ?" ಬಂದದ್ದು 32. ಜೀವಶಾಸ್ತ್ರ ಸುಲಭ, ವಿದ್ಯುತ್ತಿನ ಲೆಕ್ಕಗಳನ್ನು ಮುಟ್ಟಲೇ ಇಲ್ಲ. ಮನೆಯಲ್ಲಿ ತಮ್ಮಂದಿರು ಮಲಗಿದ ಮೇಲಷ್ಟೇ ಪುಸ್ತಕ ತೆರೆಯಲು ಸಾಧ್ಯ. ಇಲ್ಲಿ ಬೈಗುಳ ಬೇಡ. "ಸೋಮಾರಿ" ಎಂಬ ಒಂದು ಮಾತು ಬಂದರೂ ಮಗು ನಿಜ ಹೇಳುವುದನ್ನು ನಿಲ್ಲಿಸುತ್ತದೆ.

3. ದಾರಿಗಳು: "ಏನೇನು ಮಾಡಬಹುದು?" ಬೆಳಿಗ್ಗೆ ಬೇಗ ಶಾಲೆಗೆ ಬಂದು ಓದುವುದು, ಲೆಕ್ಕ ಬರುವ ಗೆಳತಿಯೊಡನೆ ಕೂರುವುದು, ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವುದು. ಮಗು ಮೂರು ದಾರಿಗಳನ್ನಾದರೂ ಹೇಳುವ ತನಕ ನಾವು ಸಲಹೆ ಕೊಡಬಾರದು. ಮಗು ಸುಮ್ಮನೆ ಕುಳಿತರೆ ನಾವೂ ಸ್ವಲ್ಪ ಕಾಯಬೇಕು.

4. ಸಂಕಲ್ಪ: "ಯಾವುದನ್ನು, ಯಾವ ದಿನದಿಂದ ಮಾಡುತ್ತೀಯಾ? ಯಾರಿಗೆ ತಿಳಿಸುತ್ತೀಯಾ? ಖಂಡಿತ ಮಾಡುತ್ತೇನೆ ಎಂಬುದಕ್ಕೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀಯಾ?" ಅವಳು ಐದು ಎಂದರೆ ಕೆಲಸ ದೊಡ್ಡದಾಯಿತೆಂದು ಅರ್ಥ. ದಿನಕ್ಕೆ ಹತ್ತು ಲೆಕ್ಕದ ಬದಲು ಮೂರು ಸಾಕು. ಎರಡು ವಾರದ ನಂತರ ಮತ್ತೆ ಭೇಟಿಯಾಗುವ ದಿನವನ್ನು ಆಗಲೇ ಗೊತ್ತು ಮಾಡಬೇಕು. ಆ ಭೇಟಿ ತಪ್ಪಿದರೆ ಮೊದಲ ಮಾತುಕತೆಯೂ ಬರೀ ಉಪದೇಶವಾಗಿಬಿಡುತ್ತದೆ.

ಒಂದು ಎಚ್ಚರಿಕೆ. ಬಸ್ಸಿಗೆ ಹಣವಿಲ್ಲದೆ ಶಾಲೆ ತಪ್ಪಿಸುವ ಮಗುವಿಗೆ, ಕೆಲಸಕ್ಕೋ ಮದುವೆಗೋ ಓದು ಬಿಡಿಸುವ ಮಾತು ನಡೆದಿರುವ ಮನೆಯ ಹುಡುಗಿಗೆ ಈ ಪ್ರಶ್ನೆಗಳಷ್ಟೇ ಸಾಲವು. "ನಿನ್ನ ದಾರಿ ನೀನೇ ಹುಡುಕು" ಎನ್ನುವುದು ಅಲ್ಲಿ ಅನ್ಯಾಯ. ಅಂಥಲ್ಲಿ ಹಿರಿಯರೇ ಮುಂದೆ ಬಂದು ಮನೆಯವರೊಡನೆ ಮಾತನಾಡಬೇಕು, ನೆರವು ಒದಗಿಸಬೇಕು. ಇಂಥ ಮಕ್ಕಳ ವಿಷಯ ತಿಳಿದರೆ ನಮ್ಮ ಗಮನಕ್ಕೆ ತನ್ನಿ.

ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ಈ ನಾಲ್ಕು ಪ್ರಶ್ನೆಗಳ ಒಂದು ಪುಟವನ್ನು ಸೇರಿಸಿದ್ದೇವೆ. ಅದನ್ನು ವಿದ್ಯಾರ್ಥಿಯೇ ತನ್ನ ಕೈಬರಹದಲ್ಲಿ, ತನಗೆ ಬರುವ ಭಾಷೆಯಲ್ಲಿ ತುಂಬಬೇಕು. ಪೋಷಕರು ಜೊತೆಗೆ ಕೂರಬಹುದು, ಬರೆದುಕೊಡಬಾರದು. ಈ ಪುಟಕ್ಕೆ ಅಂಕವಿಲ್ಲ, ಆಯ್ಕೆಯೂ ಇದರ ಮೇಲೆ ನಿಂತಿಲ್ಲ. ಮುಂದಿನ ಕಂತು ಕೊಡುವಾಗ ಇದನ್ನೇ ಮುಂದಿಟ್ಟುಕೊಂಡು ಮಗುವಿನೊಡನೆ ಮಾತನಾಡುತ್ತೇವೆ, ಇನ್‌ಶಾ ಅಲ್ಲಾಹ್. ಅಷ್ಟರಲ್ಲಿ ಗುರಿ ಬದಲಾಗಿದ್ದರೆ ಹೆದರಬೇಕಿಲ್ಲ. ಬದಲಾದದ್ದು ಏಕೆಂದು ಮಗುವಿಗೆ ಗೊತ್ತಿದ್ದರೆ ಸಾಕು.