ಕೊಟ್ಟಿಗೆಯ ಟ್ಯೂಬ್‌ಲೈಟಿಗೆ ಬ್ಯಾಟರಿ ಇನ್ವರ್ಟರ್: ಬೆಳಕೂ ಬೇಕು, ಎಚ್ಚರವೂ ಬೇಕು



ಬೀದರ್ ನಗರದ ಸುತ್ತಲಿರಲಿ, ಭಾಲ್ಕಿ-ಔರಾದ ತಾಲ್ಲೂಕುಗಳ ಹಳ್ಳಿಗಳಿರಲಿ, ನಸುಕಿನಲ್ಲಿ ಹಾಲು ಕರೆಯುವಾಗ ಕರೆಂಟು ಹೋದರೆ ಕೆಚ್ಚಲು ತೊಳೆಯುವುದು ಕಷ್ಟ. ಮೊದಲ ಧಾರೆಯಲ್ಲಿ ಗರಣೆ ಬಂದು ಕೆಚ್ಚಲುಬಾವು ತೋರಿದರೂ ಕಣ್ಣಿಗೆ ಬೀಳದು. ಇದಕ್ಕೆ 12 ವೋಲ್ಟ್ ಬ್ಯಾಟರಿಯ ಚಿಕ್ಕ ಇನ್ವರ್ಟರ್ ಒಂದು ಉಪಾಯ.

ಕೆಲಸ ಮಾಡುವ ರೀತಿ: ಟ್ಯೂಬಿನೊಳಗಿನ ಪಾದರಸದ ಆವಿಯಲ್ಲಿ ವಿದ್ಯುತ್ ಹರಿದಾಗ ಒಳಗಿನ ಬಿಳಿ ಲೇಪ ಬೆಳಗುತ್ತದೆ. ಆ ಹರಿವು ಶುರುವಾಗಲು ನೂರಾರು ವೋಲ್ಟ್ ಬೇಕು. ಬ್ಯಾಟರಿಯ ವಿದ್ಯುತ್ತನ್ನು ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಜೋಡಿಸುತ್ತವೆ. ಟ್ರಾನ್ಸ್‌ಫಾರ್ಮರಿನ ಮೊದಲ ಸುರುಳಿಗೆ ಕೆಲವೇ ಸುತ್ತು, ಎರಡನೆಯದಕ್ಕೆ ಬಹಳ ಸುತ್ತು ಇರುವುದರಿಂದ ವೋಲ್ಟೇಜು ಏರುತ್ತದೆ.

ಬ್ಯಾಟರಿಯ ಲೆಕ್ಕ: 20 ವ್ಯಾಟಿನ ಎರಡಡಿ ಟ್ಯೂಬಿಗೆ, ನಷ್ಟ ಸೇರಿ ಸುಮಾರು 25 ವ್ಯಾಟ್ ಬೇಕು, ಅಂದರೆ 2 ಆಂಪಿಯರಿಗೆ ತುಸು ಹೆಚ್ಚು. ಬೆಳಿಗ್ಗೆ, ಸಂಜೆ ಎರಡೆರಡು ಗಂಟೆ ಉರಿಸಿದರೆ 8ರಿಂದ 9 ಆಂಪಿಯರ್-ಗಂಟೆ ಖರ್ಚು. ಬ್ಯಾಟರಿ ಅರ್ಧಕ್ಕಿಂತ ಹೆಚ್ಚು ಬರಿದಾಗಬಾರದು. ಆದ್ದರಿಂದ ಕನಿಷ್ಠ 20 ಆಂಪಿಯರ್-ಗಂಟೆಯದು ಇರಲಿ.

ಗಮನಿಸಬೇಕಾದ ಅಂಶಗಳು:

1. ಬ್ಯಾಟರಿ 12 ವೋಲ್ಟಿನದಾದರೂ ಟ್ಯೂಬಿನ ಕಡೆಯ ತಂತಿ ಜೋರಾಗಿ ಹೊಡೆಯುತ್ತದೆ. ಜೋಡಣೆಯನ್ನು ಕೆಲಸ ಬಲ್ಲ ಮೆಕ್ಯಾನಿಕ್‌ನಿಂದಲೇ ಮಾಡಿಸಿ. ಬ್ಯಾಟರಿಯ ಪ್ಲಸ್ ತಂತಿಗೆ 5 ಆಂಪಿಯರ್ ಫ್ಯೂಸ್ ಹಾಕಿಸಿ. ಪ್ಲಸ್-ಮೈನಸ್ ಅದಲುಬದಲಾದರೆ ಟ್ರಾನ್ಸಿಸ್ಟರು ಸುಡುತ್ತದೆ.

2. ಒದ್ದೆ ನೆಲ, ಕಬ್ಬಿಣದ ಸರಪಳಿ ಇರುವಲ್ಲಿ ದನಕ್ಕೆ ಮನುಷ್ಯರಿಗಿಂತ ಬೇಗ ಶಾಕ್ ತಗಲುತ್ತದೆ. ಅಲ್ಪ ವಿದ್ಯುತ್ ಸೋರಿದರೂ ಹಸು ಬೆದರಿ ಹಾಲು ಇಳಿಸುವುದಿಲ್ಲ. ತಂತಿ, ಪೆಟ್ಟಿಗೆ ದನದ ಬಾಯಿಗೆ, ಕೊಂಬಿಗೆ ಸಿಗದಷ್ಟು ಎತ್ತರದಲ್ಲಿರಲಿ.

3. ಹಳೆಯ ಬ್ಯಾಟರಿಯನ್ನು ಕೊಟ್ಟಿಗೆಯಲ್ಲಾಗಲಿ, ತಿಪ್ಪೆಯಲ್ಲಾಗಲಿ ಎಸೆಯಬೇಡಿ. ಒಳಗಿನ ಸೀಸವನ್ನು ದನಗಳು ನೆಕ್ಕುತ್ತವೆ. ದೇವಣಿ ಹಸುವಾಗಲಿ, ಎಮ್ಮೆಯಾಗಲಿ, ಸೀಸದ ವಿಷ ಯಾವುದನ್ನೂ ಬಿಡದು; ಕರುಗಳಿಗಂತೂ ಅಪಾಯ ಹೆಚ್ಚು. ಕಣ್ಣು ಕಾಣದಿರುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆ ಒತ್ತುವುದು, ಸೆಳವು ಇದರ ಲಕ್ಷಣಗಳು. ಹುಚ್ಚುರೋಗದಲ್ಲೂ ಹೀಗೆ ಕಾಣಬಹುದಾದ್ದರಿಂದ ಬಾಯಿಗೆ ಕೈ ಹಾಕದೆ ತಕ್ಷಣ ಪಶುವೈದ್ಯರನ್ನು ಕರೆಸಿ. ಹಳೆಯ ಬ್ಯಾಟರಿಯನ್ನು ಹೊಸದು ಕೊಳ್ಳುವಾಗ ಅಂಗಡಿಗೇ ಹಿಂತಿರುಗಿಸಿ.

4. ಒಡೆದ ಟ್ಯೂಬಿನ ಗಾಜು, ಪಾದರಸ ಮೇವಿಗೆ ಸೇರದಿರಲಿ.

ಟ್ಯೂಬು, ಇನ್ವರ್ಟರ್ ಈಗಾಗಲೇ ಇರುವವರು ಮೇಲಿನಂತೆ ನೋಡಿಕೊಳ್ಳಿ. ಹೊಸದಾಗಿ ಹಾಕುವವರಿಗೆ 12 ವೋಲ್ಟಿನ ಎಲ್.ಇ.ಡಿ. ದೀಪವೇ ಲೇಸು. ಅದು ಬ್ಯಾಟರಿಯಿಂದ ನೇರ ಉರಿಯುತ್ತದೆ, ಹೆಚ್ಚಿನ ವೋಲ್ಟೇಜು ಬೇಕಿಲ್ಲ, ವಿದ್ಯುತ್ ಖರ್ಚೂ ಕಡಿಮೆ. ಆದರೆ ಬ್ಯಾಟರಿ ಸೀಸದ್ದಾದರೆ ಮೂರನೆಯ ಅಂಶವನ್ನು ಆಗಲೂ ಮರೆಯಬೇಡಿ.