ಕೇಳುವ ಹುಡುಗಿ, ಕೇಳಿಸುವ ಹುಡುಗಿ: ಎಂಟನೇ ತರಗತಿಯಲ್ಲಿ ಒಂದು ಧ್ವನಿಮುದ್ರಣ ಪಾಠ

ಪೀಠಿಕೆ

ಎಂಟನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಪಾಠವೂ ಇದೆ, ಶಬ್ದದ ಪಾಠವೂ ಇದೆ. ಹದಿಹರೆಯದ ಪಾಠ ಬಂದಾಗ ತರಗತಿ ಹೇಗಿರುತ್ತದೆ ಎಂಬುದು ಬೋಧನಾಭ್ಯಾಸಕ್ಕೆ ಹೋಗಿಬಂದ ಎಲ್ಲರಿಗೂ ಗೊತ್ತು. ಹುಡುಗಿಯರು ತಲೆ ತಗ್ಗಿಸುತ್ತಾರೆ, ಹುಡುಗರು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ. ಬೇರೆ ಪಾಠಗಳಲ್ಲಿ ಕೈ ಎತ್ತುವ ಹುಡುಗಿಯೂ ಅಂದು ಕೈ ಎತ್ತುವುದಿಲ್ಲ.

ಈ ಮೌನವನ್ನು ನಾಚಿಕೆ ಎಂದು ಬಿಟ್ಟುಬಿಡುವುದು ಸುಲಭ. ಆದರೆ ನಮ್ಮ ಕಡೆಯ ಹುಡುಗಿಯ ಓದು ಮುಂದುವರಿಯಬೇಕೋ ನಿಲ್ಲಬೇಕೋ ಎಂಬ ಮಾತು ಮನೆಯಲ್ಲಿ ಶುರುವಾಗುವುದು ಇದೇ ವಯಸ್ಸಿನಲ್ಲಿ. ರೇಷ್ಮೆ ಮನೆಯ ಕೆಲಸ, ತಮ್ಮ ತಂಗಿಯರ ಜವಾಬ್ದಾರಿ, ಬಂದ ಸಂಬಂಧ ಇವೆಲ್ಲವೂ ಅವಳ ಬಗ್ಗೆಯೇ ನಡೆಯುವ ಮಾತುಗಳು; ಅವಳು ಮಾತ್ರ ಅಲ್ಲಿ ಮಾತಾಡುವುದಿಲ್ಲ. ಈ ಎರಡು ಪಾಠಗಳನ್ನು ಜೋಡಿಸಿ ಹುಡುಗಿಯರೇ ಒಂದು ಧ್ವನಿ ಕಾರ್ಯಕ್ರಮ ತಯಾರಿಸುವ ಐದು ಅವಧಿಗಳ ಯೋಜನೆಯನ್ನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಡೆಸಿದೆ. ಅದರ ವಿವರ ಮತ್ತು ಅವಲೋಕನ ಇಲ್ಲಿದೆ.

ಹಿನ್ನೆಲೆ

ಮಾಧ್ಯಮ ಮತ್ತು ಸಮುದಾಯದ ಮೂಲಕ ಹೆಣ್ಣುಮಕ್ಕಳಿಗೆ ಬಲ ಕೊಡುವ ಪ್ರಯತ್ನ ನಮಗೆ ಹೊಸದಲ್ಲ. ಮೂರು ಮಾದರಿಗಳನ್ನು ಗಮನಿಸಬಹುದು.

ಮೊದಲನೆಯದು ಮೀನಾ. ಯುನಿಸೆಫ್ 1990ರ ದಶಕದಲ್ಲಿ ದಕ್ಷಿಣ ಏಷ್ಯಾದ ಮಕ್ಕಳಿಗಾಗಿ ರೂಪಿಸಿದ ಈ ಚಿತ್ರಕಥೆಗಳ ಹುಡುಗಿ, ತಮ್ಮ ರಾಜುವಿಗೆ ಮಾವಿನಹಣ್ಣಿನ ದೊಡ್ಡ ಪಾಲು ಏಕೆ ಎಂದು ಪ್ರಶ್ನಿಸುತ್ತಾಳೆ. ನಮ್ಮ ಶಾಲೆಗಳಲ್ಲಿ ಮೀನಾ ತಂಡಗಳು ಬಂದದ್ದು ಅವಳ ಹೆಸರಿನಲ್ಲೇ. ಮೀನಾಳ ಕಥೆ ಕೇಳಿದ ಹುಡುಗಿಗೆ ತನ್ನ ಮನೆಯ ತಾರತಮ್ಯ ಕಾಣುತ್ತದೆ. ಆದರೆ ಕಥೆ ಮೀನಾಳದು, ಕೇಳುವವಳು ಕೇಳುಗಳಾಗಿಯೇ ಉಳಿಯುತ್ತಾಳೆ.

ಎರಡನೆಯದು ‘ನಮ್ಮ ಧ್ವನಿ’. ನಮ್ಮ ಜಿಲ್ಲೆ 2007ರವರೆಗೆ ಕೋಲಾರದ ಭಾಗವಾಗಿತ್ತು. ಅದೇ ಕೋಲಾರದ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ, ಈ ಶತಮಾನದ ಮೊದಲ ವರ್ಷಗಳಲ್ಲಿ, ಮೈರಾಡ ಮತ್ತು ವಾಯ್ಸಸ್ ಸಂಸ್ಥೆಗಳು ಯುನೆಸ್ಕೊ ನೆರವಿನಿಂದ ಸಮುದಾಯ ಧ್ವನಿ ಕೇಂದ್ರವೊಂದನ್ನು ಕಟ್ಟಿದವು. ಬಾನುಲಿ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಆದರೂ ಹಳ್ಳಿಯ ಸಂಘಟನೆಗಳಿಗೆ ಪರವಾನಗಿಯ ದಾರಿ ತೆರೆದದ್ದು 2006ರ ನೀತಿಯಿಂದ. ಅಲ್ಲಿಯವರೆಗೆ ಬೂದಿಕೋಟೆಯವರು ಕಾಯುತ್ತ ಕೂರಲಿಲ್ಲ. ಕಾರ್ಯಕ್ರಮಗಳನ್ನು ಕ್ಯಾಸೆಟ್‌ನಲ್ಲಿ ತುಂಬಿ ಸ್ವಸಹಾಯ ಸಂಘಗಳಲ್ಲಿ ಕೇಳಿಸಿದರು, ಧ್ವನಿವರ್ಧಕದಲ್ಲಿ ಹಾಕಿದರು, ಟಿವಿ ಕೇಬಲ್ ತಂತಿಯ ಮೂಲಕ ಮನೆಗಳಿಗೆ ಕಳಿಸಿದರು. ಹೀಗಾಗಿ, ಬಾನುಲಿ ಕೇಂದ್ರವಿಲ್ಲದೆಯೂ ಶಾಲೆಯಲ್ಲಿ ಕಾರ್ಯಕ್ರಮ ಮಾಡಬಹುದು. ಮಾಡಲು ಬಲ್ಲವರು ಮತ್ತು ಕೂತು ಕೇಳುವ ಗುಂಪು ಇದ್ದರೆ ಸಾಕು.

ಮೂರನೆಯದು ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮ ಸಭೆ. ಇಲ್ಲಿ ಮಕ್ಕಳು ಕೇಳಿದ ಪ್ರಶ್ನೆಗೆ ಅಧ್ಯಕ್ಷರು, ಪಿಡಿಒ ಉತ್ತರಿಸಬೇಕು. ಆದರೆ ತಯಾರಿ ಇಲ್ಲದೆ ಹೋದ ಮಕ್ಕಳು, ಅದರಲ್ಲೂ ಹುಡುಗಿಯರು, ಮೈಕ್ ಕೈಗೆ ಬಂದಾಗ ಹೆಸರು ಹೇಳಿ ಕೂತುಬಿಡುತ್ತಾರೆ. ಶಿಕ್ಷಕರು ಬರೆದುಕೊಟ್ಟ ಚೀಟಿ ಓದುವುದೂ ಉಂಟು.

ಈ ಮೂರನ್ನೂ ಒಟ್ಟಿಗೆ ನೋಡಿದಾಗ ಪಾಠದ ತತ್ತ್ವ ಸ್ಪಷ್ಟವಾಗುತ್ತದೆ. ಹುಡುಗಿಯರ ಬಗ್ಗೆ ಕಾರ್ಯಕ್ರಮ ಕೇಳಿಸಿದರೆ ಸಾಲದು. ಅವಳೇ ಕಾರ್ಯಕ್ರಮ ಮಾಡಬೇಕು. ಮಾಡಿದ್ದು ಫೋನಿನೊಳಗೆ ಉಳಿಯಬಾರದು. ಉತ್ತರ ಕೊಡಬೇಕಾದವರ ಕಿವಿಗೆ ಬೀಳಬೇಕು.

ಉದ್ದೇಶಗಳು

1. ಹದಿಹರೆಯದ ಬದಲಾವಣೆಗಳಿಗೆ ಹಾರ್ಮೋನುಗಳು ಕಾರಣ ಎಂಬುದನ್ನು ವಿದ್ಯಾರ್ಥಿನಿ ತನ್ನ ಮಾತಿನಲ್ಲಿ ವಿವರಿಸುವಳು.
2. ಮಗುವಿನ ಲಿಂಗ ನಿರ್ಧಾರ ಹೇಗೆ ಆಗುತ್ತದೆ ಎಂಬುದನ್ನು ಕಾರಣಸಹಿತ ತಿಳಿಸುವಳು.
3. ಧ್ವನಿ ಹುಟ್ಟುವ, ಹರಡುವ ಕ್ರಮವನ್ನು ತನ್ನ ಧ್ವನಿಮುದ್ರಣದಿಂದಲೇ ಗುರುತಿಸುವಳು.
4. ಪ್ರಶ್ನೆ ರೂಪಿಸಿ, ಸಂದರ್ಶನ ಮಾಡಿ, ಹಿರಿಯರ ಮುಂದೆ ಮಂಡಿಸುವಳು.

ಸಾಮಗ್ರಿ: ಧ್ವನಿಮುದ್ರಣ ಸೌಲಭ್ಯವಿರುವ ಒಂದು ಫೋನ್ (ಸಿಮ್ ತೆಗೆದದ್ದು), ಸಣ್ಣ ಸ್ಪೀಕರ್, ಬೀಗವಿರುವ ಪ್ರಶ್ನೆ ಪೆಟ್ಟಿಗೆ, ರೇಷ್ಮೆಗೂಡುಗಳು.

ಪಾಠದ ಹಂತಗಳು

ಮೊದಲ ಅವಧಿ: ಪರಿಚಿತ ವಸ್ತುವಿನಿಂದ ಆರಂಭ. ಈ ಮಕ್ಕಳಿಗೆ ರೇಷ್ಮೆಹುಳು ಪುಸ್ತಕದ ಚಿತ್ರವಲ್ಲ. ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಏಳುತ್ತದೆ ಎಂದು ಅವರೇ ಹೇಳಿದರು. ಪ್ರತಿ ಜ್ವರದಲ್ಲೂ ಹುಳು ಪೊರೆ ಕಳಚುತ್ತದೆ, ಅದನ್ನು ಹಾರ್ಮೋನುಗಳು ನಿಯಂತ್ರಿಸುತ್ತವೆ ಎಂದು ಸೇರಿಸಿದೆ. ಹುಳುವಿನ ಮೈ ಬದಲಾಗುವುದನ್ನು ಮಾತಾಡಿದ ಮೇಲೆ ತಮ್ಮ ಮೈಯ ಬದಲಾವಣೆಯತ್ತ ಬರುವುದು ಅಷ್ಟು ಕಷ್ಟವಾಗಲಿಲ್ಲ. ಅವಧಿಯ ಕೊನೆಗೆ ಹುಡುಗ ಹುಡುಗಿ ಭೇದವಿಲ್ಲದೆ ಎಲ್ಲರೂ ಹೆಸರಿಲ್ಲದ ಚೀಟಿ ಬರೆದು ಪೆಟ್ಟಿಗೆಗೆ ಹಾಕಿದರು. ಪ್ರಶ್ನೆ ಇಲ್ಲದವರು ಖಾಲಿ ಚೀಟಿ ಹಾಕಬೇಕು, ಆಗ ಯಾರು ಬರೆದರು ಎಂದು ತಿಳಿಯುವುದಿಲ್ಲ.

ಎರಡನೇ ಅವಧಿ: ಧ್ವನಿಯ ಪರಿಚಯ. ಕುತ್ತಿಗೆಯ ಮೇಲೆ ಬೆರಳಿಟ್ಟು ಮಾತಾಡಿಸಿ ಧ್ವನಿಪೆಟ್ಟಿಗೆಯ ಕಂಪನ ಗುರುತಿಸಿದೆವು. ನಂತರ ಪ್ರತಿಯೊಬ್ಬರೂ ಒಂದು ವಾಕ್ಯ ಮುದ್ರಿಸಿ ಕೇಳಿಸಿಕೊಂಡರು. “ಮಿಸ್, ಇದು ನನ್ನ ಧ್ವನಿ ಅಲ್ಲ” ಎಂಬ ಮಾತು ಬಂದೇ ಬರುತ್ತದೆ. ನಾವು ಮಾತಾಡುವಾಗ ನಮ್ಮ ಧ್ವನಿ ಗಾಳಿಯಿಂದಲೂ ತಲೆಯ ಮೂಳೆಗಳಿಂದಲೂ ಒಳಗಿವಿಗೆ ತಲುಪುತ್ತದೆ. ಮುದ್ರಿಕೆಯಲ್ಲಿ ಗಾಳಿಯ ದಾರಿ ಮಾತ್ರ. ಹದಿಹರೆಯದಲ್ಲಿ ಹುಡುಗರ ಧ್ವನಿ ಒಡೆಯುವುದು ಏಕೆ ಎಂಬ ವಿವರಣೆಯೂ ಇಲ್ಲೇ ಬರುತ್ತದೆ.

ಮೂರನೇ ಅವಧಿ: ಪ್ರಶ್ನೆಗಳ ಆಯ್ಕೆ. ಚೀಟಿಗಳನ್ನು ನಾನು ಮೊದಲೇ ಓದಿ ವಿಂಗಡಿಸಿದ್ದೆ. ಹುಡುಗಿಯರ ಗುಂಪುಗಳು ಮೂರು ವಿಷಯ ಆರಿಸಿಕೊಂಡವು: ಹೆಣ್ಣು ಮಗು ಹುಟ್ಟಿದರೆ ಅದು ಅಮ್ಮನ ತಪ್ಪೇ? ಮುಟ್ಟಿನ ದಿನ ಶಾಲೆಗೆ ಬರಲು ಏನು ಅಡ್ಡಿ? ಹುಳು ಹಣ್ಣಾಗುವ ವಾರ ನಾವೇ ಏಕೆ ರಜೆ ಹಾಕಬೇಕು?

ನಾಲ್ಕನೇ ಅವಧಿ: ಮುದ್ರಣ. ಪ್ರತಿ ಗುಂಪು ಮೂರು ನಿಮಿಷದ ಕಾರ್ಯಕ್ರಮ ಮಾಡಿತು. ಒಬ್ಬಳು ನಿರೂಪಕಿ, ಒಬ್ಬಳು ಸಂದರ್ಶಕಿ, ಒಬ್ಬಳು ವಿಜ್ಞಾನದ ವಿವರಣೆ ಹೇಳುವವಳು. ಹುಡುಗರ ಗುಂಪುಗಳಿಗೆ ಶಬ್ದ ಪರಿಣಾಮ ಮತ್ತು ತಾಂತ್ರಿಕ ಕೆಲಸ ಹಂಚಿದ್ದೆ. ಮುದ್ರಿಸಬೇಕಾದರೆ ಅವರು ಸುಮ್ಮನಿದ್ದು ಕೇಳಲೇಬೇಕು.

ಐದನೇ ಅವಧಿ: ಕೇಳಿಸುವುದು. ಎಸ್‌ಡಿಎಂಸಿ ಸದಸ್ಯರು ಮತ್ತು ತಾಯಂದಿರ ಸಭೆಯಲ್ಲಿ ಮೂರೂ ಕಾರ್ಯಕ್ರಮ ಕೇಳಿಸಿ, ಪ್ರತಿಯೊಂದರ ನಂತರ ಚರ್ಚೆಗೆ ಬಿಟ್ಟೆವು.

ಅವಲೋಕನ

ಭಾಷೆಯ ವಿಷಯ ಮೊದಲು ಹೇಳಬೇಕು. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಅನೇಕ ಮಕ್ಕಳ ಮನೆಮಾತು ತೆಲುಗು, ಕೆಲವರದು ಉರ್ದು. ತರಗತಿಯಲ್ಲಿ ಕನ್ನಡದಲ್ಲಿ ಒಂದು ವಾಕ್ಯಕ್ಕೆ ನಿಲ್ಲುತ್ತಿದ್ದ ಹುಡುಗಿ ಅಜ್ಜಿಯನ್ನು ತೆಲುಗಿನಲ್ಲಿ ಸಂದರ್ಶಿಸುವಾಗ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದಳು. ಆಮೇಲೆ ಅದನ್ನೇ ಕನ್ನಡದಲ್ಲಿ ನಿರೂಪಿಸಿದಳು. ಮೊದಲ ಕರಡು ಮನೆಮಾತಿನಲ್ಲಿ ಇರಲಿ ಎಂದು ಬಿಟ್ಟರೆ ಕನ್ನಡವೂ ಬೆಳೆಯುತ್ತದೆ.

ಮೊದಲ ಗುಂಪಿನ ಕಾರ್ಯಕ್ರಮ ವರ್ಣತಂತುಗಳನ್ನು ಎರಡು ಬಣ್ಣದ ಬಳೆಗಳ ಲೆಕ್ಕದಲ್ಲಿ ವಿವರಿಸಿತು. ತಾಯಿ ಕೊಡುವುದು ಯಾವಾಗಲೂ ಎಕ್ಸ್, ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಇದರಲ್ಲಿ ಯಾರ ತಪ್ಪೂ ಇಲ್ಲ. ಕೇಳಿಸಿದ ಮೇಲೆ ಸಭೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮೂವರು ಹೆಣ್ಣುಮಕ್ಕಳ ತಾಯಿಯೊಬ್ಬರು “ಇದನ್ನು ನಮ್ಮ ಅತ್ತೆಗೂ ಒಂದು ಸಲ ಹಾಕಿಕೊಡಿ” ಎಂದರು. ಈ ಪಾಠವನ್ನು ಪರೀಕ್ಷೆಯ ಎರಡು ಅಂಕದ ಪ್ರಶ್ನೆಯಾಗಿ ಮಾತ್ರ ನೋಡಲು ಆಮೇಲೆ ನನಗೆ ಆಗಲಿಲ್ಲ.

ಎರಡನೇ ಕಾರ್ಯಕ್ರಮ ಬೇಡಿಕೆಯಾಗಿ ಬದಲಾಯಿತು. ಹುಡುಗಿಯರು ನಾಚಿಕೆಯ ಬಗ್ಗೆ ಮಾತಾಡಲಿಲ್ಲ. ಶೌಚಾಲಯದಲ್ಲಿ ನೀರಿಲ್ಲ, ಒಳಗಿನ ಚಿಲಕ ಮುರಿದಿದೆ ಎಂದರು. ಚಿಲಕವನ್ನು ಸದಸ್ಯರೊಬ್ಬರು ಆ ವಾರವೇ ಹಾಕಿಸಿದರು. ನೀರಿನ ವಿಷಯ ಮಕ್ಕಳ ಗ್ರಾಮ ಸಭೆಗೆ ಕೊಡುವ ಮನವಿಯಲ್ಲಿ ಸೇರಿತು; ನನ್ನ ಬೋಧನಾಭ್ಯಾಸ ಮುಗಿಯುವವರೆಗೆ ಅದು ಬಗೆಹರಿದಿರಲಿಲ್ಲ.

ಮೂರನೆಯದಕ್ಕೆ ವಿರೋಧ ಬಂತು. ನಾಲ್ಕನೇ ಜ್ವರ ಎದ್ದ ಹುಳು ತನ್ನ ಜೀವನದ ಒಟ್ಟು ಸೊಪ್ಪಿನಲ್ಲಿ ಸುಮಾರು 80 ಭಾಗವನ್ನು ಆ ಕೊನೆಯ ವಾರದಲ್ಲೇ ತಿನ್ನುತ್ತದೆ. ಚಂದ್ರಂಕಿಗೆ ಬಿಡುವವರೆಗೆ ಮನೆಮಂದಿಯೆಲ್ಲ ದುಡಿಯಬೇಕು, ಕೂಲಿಗೆ ಜನ ಸಿಗುವುದಿಲ್ಲ ಎಂದು ತಂದೆಯೊಬ್ಬರು ಹೇಳಿದ್ದು ಸುಳ್ಳಲ್ಲ. ಆದರೆ ಅದೇ ಮನೆಯ ಹುಡುಗ ಆ ವಾರ ಶಾಲೆಗೆ ಬಂದಿದ್ದ. ಹುಡುಗಿಯರು ಕೇಳಿದ್ದು ಕೆಲಸ ಬಿಡಿಸಿ ಎಂದಲ್ಲ, ಹಂಚಿ ಎಂದು. ಒಪ್ಪಿಗೆ ಬರಲಿಲ್ಲ, ಮಾತು ಮಾತ್ರ ಮೊದಲ ಸಲ ಎಲ್ಲರ ಮುಂದೆ ಆಯಿತು.

ಎಚ್ಚರಗಳು

1. ಹುಡುಗಿಯ ಧ್ವನಿ ಅವಳದೇ. ಅವಳ ಮತ್ತು ಪೋಷಕರ ಒಪ್ಪಿಗೆ ಇಲ್ಲದೆ ಮುದ್ರಿಸಬಾರದು. ವಾಟ್ಸ್‌ಆ್ಯಪ್ ಗುಂಪಿಗೆ, ನಮ್ಮ ಇಂಟರ್ನ್‌ಶಿಪ್ ವರದಿಯ ಪುರಾವೆಗೂ ಕಳಿಸಬಾರದು. ಸಭೆ ಮುಗಿದ ಮೇಲೆ ಮುಖ್ಯ ಶಿಕ್ಷಕರ ಎದುರು ಅಳಿಸಬೇಕು.
2. ಪೆಟ್ಟಿಗೆಯಲ್ಲಿ ಕಿರುಕುಳದ ಅಥವಾ ನಿಶ್ಚಯವಾದ ಮದುವೆಯ ಸುಳಿವು ಸಿಕ್ಕರೆ ಅದು ಕಾರ್ಯಕ್ರಮದ ವಸ್ತುವಲ್ಲ. ತಕ್ಷಣ ಮುಖ್ಯ ಶಿಕ್ಷಕರಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098 ಇದೆ. ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂಬುದೂ ನಮಗೆ ತಿಳಿದಿರಬೇಕು.
3. ಚೆನ್ನಾಗಿ ಮಾತಾಡುವವಳೇ ಎಲ್ಲ ಮುದ್ರಣದಲ್ಲೂ ಬರದಂತೆ ಪಾತ್ರ ಬದಲಿಸಬೇಕು.

ಮೌಲ್ಯಮಾಪನ

ವಿಜ್ಞಾನದ ನಿಖರತೆ, ಪ್ರಶ್ನೆಯ ಸ್ಪಷ್ಟತೆ, ಗುಂಪಿನ ಸಹಕಾರ ಇವಕ್ಕೆ ಅಂಕ ಕೊಟ್ಟೆ. ಉಚ್ಚಾರಣೆಗೆ ಕೊಡಲಿಲ್ಲ.

ಉಪಸಂಹಾರ

ಐದು ಅವಧಿಗಳಿಂದ ಯಾರ ಬದುಕೂ ಬದಲಾಗುವುದಿಲ್ಲ. ಆದರೆ ಹತ್ತನೇ ತರಗತಿಯ ನಂತರ ಮನೆಯಲ್ಲಿ ಓದಿನ ಮಾತು ಬಂದಾಗ ಹುಡುಗಿಗೆ ಬೇಕಾಗುವುದು ಹಿರಿಯರ ಮುಂದೆ ಕಾರಣ ಕೊಟ್ಟು ಮಾತಾಡಿದ ಅಭ್ಯಾಸ. ಅದನ್ನು ಎಂಟನೇ ತರಗತಿಯಲ್ಲೇ, ಪಠ್ಯದೊಳಗೇ ಮಾಡಿಸಬಹುದು. ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಇದನ್ನು ಮಕ್ಕಳ ಗ್ರಾಮ ಸಭೆಗೆ ಒಂದು ತಿಂಗಳ ಮೊದಲು ನಡೆಸಿದರೆ, ಹುಡುಗಿಯರ ಮನವಿ ಶಾಲೆಯ ಗೋಡೆ ದಾಟಿ ಪಂಚಾಯಿತಿಯ ನಡಾವಳಿಯಲ್ಲಿ ದಾಖಲಾಗಲು ಸಮಯ ಸಿಗುತ್ತದೆ.